ಸೀಳಿ ನೋಡದೆ ಒತ್ತಿದ ಮುದ್ರೆ

ಮಸ್ಕಿಯಲ್ಲಿ ಮಾಂಸದಂಗಡಿ ಇಟ್ಟಿದ್ದ ಚಾಚಾರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಬೆರಳನ್ನು ಕುರಿಯ ಕಲೇಜಿಯ, ಅಂದರೆ ಯಕೃತ್ತಿನ, ಮೇಲೆ ಮೆಲ್ಲಗೆ ಒತ್ತುತ್ತ ಹೋಗುತ್ತಿದ್ದರು. ಗಂಟು ಸಿಕ್ಕಲ್ಲಿ ಬೆರಳು ನಿಲ್ಲುತ್ತಿತ್ತು. ಸಿಗದಿದ್ದರೂ ಮೂರು ಕಡೆ ಸೀಳಿ, ಗಿರಾಕಿಗೆ ತೋರಿಸಿಯೇ ತಕ್ಕಡಿಗೆ ಹಾಕುತ್ತಿದ್ದರು. ಬಾಣಂತಿ ಮಗಳಿಗೆ ಇಡಿಯಾಗಿಯೇ ಬೇಕೆಂದು ಯಾರಾದರೂ ಹಟ ಹಿಡಿದರೆ, “ಇಡೀದು ಬೇಕಂದ್ರ ಬ್ಯಾರೆ ಅಂಗಡಿಗೆ ಹೋಗವ್ವ. ನಿನ್ನ ಮಗಳಿಗೆ ನಾ ಕೀವು ತಿನಸಂಗಿಲ್ಲ,” ಎನ್ನುತ್ತಿದ್ದರು.

ನಾನು ಆಗ ಮಾಂಸ ಪರೀಕ್ಷಿಸಿ ಮುದ್ರೆ ಒತ್ತುವ ಪಶುವೈದ್ಯ. ದಿನಾ ಬೆಳಿಗ್ಗೆ ಆರೂವರೆಗೆ ಅವರ ಅಂಗಡಿಯಲ್ಲಿ, ಏಳಕ್ಕೆ ಹೊರಗೆ. ಒಂದು ದಿನವೂ ತಪ್ಪಿಸಿದವನಲ್ಲ. ಪುಸ್ತಕದಲ್ಲಿ ಓದಿದ್ದೆ, ನಿಜ. ಕಲೇಜಿ ನೋಡಲು ಕಲಿಸಿದ್ದು ಆ ಹೆಬ್ಬೆರಳು.

ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕನೊಬ್ಬ ಮುಕ್ಕುಂದದ ದಾರಿಯಲ್ಲಿ ಶೆಡ್ ಹಾಕಿ ಟಗರುಗಳನ್ನು ಕೂಡಿಹಾಕಿದ. ಬೇಗ ಕೊಬ್ಬಲೆಂದು ಗಿರಣಿಯ ನುಚ್ಚು ಸುರಿದ, ಮೇವು ಹೆಸರಿಗಷ್ಟೆ. ಅಷ್ಟು ಕಾಳು ಬಿದ್ದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಒಳಗೋಡೆ ಹುಣ್ಣಾಗುತ್ತದೆ, ಅಲ್ಲಿಂದ ರೋಗಾಣು ಕಲೇಜಿಗೆ ಇಳಿದು ಕೀವುಗಟ್ಟುತ್ತದೆ. ಅವನು ಚಾಚಾರ ಅಂಗಡಿಗೆ ಕಳಿಸಿದ ಮೊದಲ ತಂಡದಲ್ಲಿ ಅರ್ಧಕ್ಕೂ ಹೆಚ್ಚು ಕಲೇಜಿ ಕೊಳೆತಿದ್ದವು. ಚಾಚಾ ಅಷ್ಟನ್ನೂ ಸುಣ್ಣ ಹಾಕಿ ಹೂತರು.

ಮಾಲೀಕ ಅಂಗಡಿಗೇ ಬಂದ. “ಕೀವು ಇದ್ದಷ್ಟು ಕೊಯ್ದು ಒಗೀಲೇ ಮುದುಕಾ. ಒಳಗ ನೋಡಾವ್ರು ಯಾರು?”

“ನಾ ನೋಡ್ತೀನಲ್ರೀ. ಕುರಿ ಹೊಟ್ಟಿ ಹುಲ್ಲಿಗೆ ಅದ. ನೀವು ಅದನ್ನ ನುಚ್ಚಿನ ಚೀಲ ಮಾಡೀರಿ. ನಿಮ್ಮ ಕುರಿ ನನಗ ಬ್ಯಾಡ.”

ಅವನು ಉಳಿದವನ್ನು ಶೆಡ್ಡಿನಲ್ಲೇ ಕೊಯ್ಯಿಸಿ ಲಿಂಗಸುಗೂರಿನ ಮದುವೆಮನೆಗೆ ಕಳಿಸಲು ನಿಂತ. ಮುದ್ರೆಗೆ ನನ್ನನ್ನು ಕರೆಸಿದ. ಕಲೇಜಿಗಳನ್ನು ಆಗಲೇ ಡಬ್ಬಿಗೆ ತುಂಬಿ ಮುಚ್ಚಿದ್ದರು. ತೆರೆಸಿದರೆ ಮುಂದಿನ ಊರಿನ ಕೆಲಸಕ್ಕೆ ನನಗೆ ತಡ. ನಾನು ಗಡಿಯಾರ ನೋಡಿದೆ, ಕಲೇಜಿ ನೋಡಲಿಲ್ಲ. ಮುದ್ರೆ ಒತ್ತಿದೆ.

ಅರೆಬೆಂದ ಕಲೇಜಿ ತಿಂದವರು ಜ್ವರ, ಭೇದಿಯಿಂದ ಸಾಲಾಗಿ ಆಸ್ಪತ್ರೆ ಸೇರಿದರು. ಸಾಲ್ಮೊನೆಲ್ಲಾ ಎಂಬ ರೋಗಾಣು ಎಂದರು ಆಸ್ಪತ್ರೆಯವರು. ಮಾಲೀಕನಿಗೆ ನಾಚಿಕೆಯೇ ಇರಲಿಲ್ಲ: “ಮಾಂಸ ಮಸ್ಕಿ ಚಾಚಾಂದು” ಎಂದು ಹಬ್ಬಿಸಿದ. ಮರುದಿನ ಬೆಳಿಗ್ಗೆ ಮದುವೆಮನೆಯವರು ಬಂದು ಚಾಚಾರ ತಕ್ಕಡಿ ಕಿತ್ತು ಬೀದಿಗೆಸೆದರು. “ಹೆಣಾ ಮಾರ್ತಿಯೇನಲೇ!” ಎಂದು ಬೈದರು. ಆಗ ಸಮಯ ಆರೂವರೆ. ನಾನು ಅಲ್ಲೇ ಇದ್ದೆ, ಮುದ್ರೆ ಕೈಯಲ್ಲಿತ್ತು. ಚಾಚಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಗಿರಾಕಿಗಳು ಬರುವುದು ನಿಂತಿತು. ತಿಂಗಳೊಳಗೆ ಅಂಗಡಿ ಮುಚ್ಚಿತು. ಚಾಚಾರ ಮನೆಗೆ ಹೋಗಿ ಕೇಳಿದೆ, “ಈ ಕಡೆ ಮುದ್ರಿ ಒತ್ತಾವ ನಾನೊಬ್ಬನ. ಆ ಮಾಂಸದ ಮ್ಯಾಲೆ ನನ್ನ ಮುದ್ರಿ ಇತ್ತು, ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

ಚಾಚಾ ಉಗುರಿನ ಸೀಳನ್ನು ಉಜ್ಜಿಕೊಳ್ಳುತ್ತ ಹೇಳಿದರು: “ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ದೆ, ಡಾಕ್ಟರ್ ಸಾಬ್.”

ಆಮೇಲೂ ನಾನು ಹೇಳಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಗಿರಣಿ ಮಾಲೀಕನ ಶೆಡ್ ಈಗ ಎರಡು ಪಟ್ಟು ಬೆಳೆದಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದಾಗಲೆಲ್ಲ ಹಲ್ಲು ಕಚ್ಚುತ್ತೇನೆ. ಅವನ ಮೇಲಿನ ಸಿಟ್ಟು ಎಷ್ಟೋ, ನನ್ನ ಮೇಲಿನದು ಅದಕ್ಕಿಂತ ಹೆಚ್ಚು.

ಕಳೆದ ತಿಂಗಳು ಚಾಚಾ ತೀರಿಕೊಂಡರು. ಮಣ್ಣು ಮಾಡಲು ಬಂದವರಲ್ಲಿ ಒಬ್ಬ ಪಿಸುಗುಟ್ಟಿದ: “ಆ ಮದುವಿ ಮಾಂಸ ಕೊಟ್ಟಾವ ಇವನ.” ಅಲ್ಲಿಯೇ, ಎಲ್ಲರಿಗೂ ಕೇಳುವಂತೆ ಹೇಳಿದೆ. ಇಲ್ಲಿಯೂ ಬರೆಯುತ್ತಿದ್ದೇನೆ: ಆ ಮಾಂಸ ಚಾಚಾರದ್ದಲ್ಲ. ಅದರ ಮೇಲಿದ್ದ ಮುದ್ರೆ ನನ್ನದು.