ಗರಿಯ ಶಿಲುಬೆ ಸುಟ್ಟ ದಿನ

ಕೊಬ್ಬರಿ ಸೀದ ವಾಸನೆ ನನಗೆ ಆಗುವುದಿಲ್ಲ. ಪಕ್ಕದ ಮನೆಯವರು ಚಟ್ನಿಪುಡಿಗೆಂದು ಕೊಬ್ಬರಿ ಹುರಿಯುವಾಗ ಬಾಣಲೆ ಒಂದಿಷ್ಟು ಹೆಚ್ಚು ಕಾದರೂ ಸಾಕು, ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ತಿಪಟೂರು ಸೀಮೆಯಲ್ಲಿ ಹುಟ್ಟಿ ಕೊಬ್ಬರಿಗೆ ಮೂಗು ಮುಚ್ಚಿಕೊಳ್ಳುವವಳು ನೀನೊಬ್ಬಳೇ ಎಂದು ಮನೆಯವರು ನಗುತ್ತಾರೆ. ನಗಲಿ. ಆ ವಾಸನೆಯ ಹಿಂದೆಯೇ ಅರಳಗುಪ್ಪೆಯ ಆಚೆಗಿದ್ದ ನಮ್ಮ ತೊಟ್ಟಿಮನೆ ಬಂದು ನಿಲ್ಲುತ್ತದೆ. ಈಗ ಅಲ್ಲಿ ಮನೆಯಿಲ್ಲ, ದಾಯಾದಿಗಳ ಪಾಲಿಗೆ ಹೋದ ಖಾಲಿ ಜಾಗವಿದೆ. ಆದರೆ ನಿಮ್ಮಲ್ಲೂ ಇಂಥ ಮನೆಯೊಂದನ್ನು ಕಳೆದುಕೊಂಡವರಿಗೆ ಗೊತ್ತು, ಬಿದ್ದ ಮನೆಯ ಬಾಗಿಲು ನೆನಪಿಗೆ ಎಂದೂ ಹಾಕಿರುವುದಿಲ್ಲ.

ಆ ಮನೆಯಲ್ಲಿ ನಮಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಕೊಬ್ಬರಿ ಅಟ್ಟಕ್ಕೆ. ಬಿದಿರಿನ ಗಳುಗಳನ್ನು ಸಂದು ಬಿಟ್ಟು ಹಾಸಿ, ಮೇಲೆ ಸಿಪ್ಪೆ ಸಮೇತ ಕಾಯಿ ಹರಡಿದರೆ ಹೆಚ್ಚುಕಡಿಮೆ ಒಂದು ವರ್ಷ ಯಾರೂ ಕೈ ಹಚ್ಚುವಂತಿಲ್ಲ. ಒಳಗಿನ ನೀರು ತಾನಾಗಿಯೇ ಇಂಗಬೇಕು, ಕಾಯಿ ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ನಮ್ಮಜ್ಜಿ ಆ ಅಟ್ಟವನ್ನು ತುಂಬು ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದಳು. ಅದರ ಕೆಳಗೆ ಬೀಡಿ ಸೇದುವಂತಿಲ್ಲ, ಬುಡ್ಡಿ ದೀಪ ತರುವಂತಿಲ್ಲ, ಗಾಜಿನ ಲಾಟೀನು ಮಾತ್ರ. ಆ ಅಟ್ಟದ ಒಂದು ಮೂಲೆಯ ಕೆಳಗೆ ಒಂದು ಕೋಣೆಯಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ನನಗೆ ಆರು ವರ್ಷವಿದ್ದಾಗ, ಆ ಕೋಣೆಗೆ ನಮ್ಮೂರ ಶಾಲೆಯ ಲೂರ್ದಮ್ಮ ಟೀಚರ್ ಬಂದರು. ಸಣ್ಣ ಟ್ರಂಕು, ಒಂದು ಸ್ಟೋವು, ಗೋಡೆಯ ಮೊಳೆಗೆ ಒಂದು ಯೇಸುಸ್ವಾಮಿಯ ಪಟ. ಅಡುಗೆಯನ್ನು ಹಿತ್ತಿಲ ಜಗಲಿಯಲ್ಲಿ ಮಾಡಿಕೊಳ್ಳಬೇಕು ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದಳು. ಅವರು ಮೂರು ವರ್ಷ ಆ ಮಾತು ಮೀರಲಿಲ್ಲ.

ಭಾನುವಾರ ಟೀಚರ್ ಬಸ್ಸು ಹಿಡಿದು ತಿಪಟೂರಿನ ಚರ್ಚಿಗೆ ಬಲಿಪೂಜೆಗೆಂದು ಹೋಗುತ್ತಿದ್ದರು. ಆ ಹೆಸರು ಕೇಳಿ ಅಜ್ಜಿಗೆ ಕುತೂಹಲ. ಎಲೆಗೆ ಸುಣ್ಣ ಹಚ್ಚುತ್ತಾ ಒಮ್ಮೆ ಕೇಳಿಯೇಬಿಟ್ಟಳು. "ನಿಮ್ಮಲ್ಲೂ ಮರಿ ಕಡೀತಾರೇನವ್ವಾ?"

"ಇಲ್ಲ ಅಜ್ಜಿ. ನಮ್ಮಲ್ಲಿ ಒಂದೇ ಸಲಕ್ಕೆ ಬಲಿ ಆಗೋಯ್ತು. ಎಲ್ರ ತಪ್ಪಿಗೂ ದೇವ್ರು ತನ್ನ ಮಗನ್ನೇ ಕೊಟ್ಟ. ಇನ್ನು ಯಾರೂ ಯಾರನ್ನೂ ಕೊಡೋದು ಬೇಕಾಗಿಲ್ಲ."

"ಅಯ್ ಶಿವನೇ, ಎಂಥ ಅಪ್ಪನವ್ವ ಅವ್ನು! ಊರೋರು ಮಾಡಿದ್ ತಪ್ಪಿಗೆ ಹೆತ್ತ ಮಗನ್ನ ಕೊಡೋದಾ? ನಾನಾಗಿದ್ರೆ ಕೊಡ್ತಿರ್ಲಿಲ್ಲ ಬುಡು."

ಟೀಚರ್ ನಕ್ಕರು. "ನಾನೂ ಕೊಡ್ತಿರ್ಲಿಲ್ಲ ಅಜ್ಜಿ. ಅದ್ಕೇ ಅವ್ನು ದೇವ್ರು."

ಈಸ್ಟರ್‌ಗೆ ಮುಂಚಿನ ವಾರ ಅವರಿಗೆ ಗರಿಗಳ ಭಾನುವಾರ. ನಮ್ಮ ತೋಟದ ಎಳೆ ತೆಂಗಿನ ಗರಿಯಿಂದಲೇ ಅವರು ಪುಟ್ಟ ಶಿಲುಬೆ ಹೆಣೆಯುತ್ತಿದ್ದರು, ನನಗೂ ಹೆಣೆಯಲು ಕಲಿಸಿದ್ದರು. ಚರ್ಚಿನಲ್ಲಿ ಮಂತ್ರಿಸಿ ತಂದ ಆ ಶಿಲುಬೆ ಒಂದು ವರ್ಷ ಗೋಡೆಯ ಮೇಲೆ ಒಣಗುತ್ತಿತ್ತು, ಮೇಲೆ ಅಟ್ಟದಲ್ಲಿ ಕಾಯಿ ಒಣಗುವ ಹಾಗೆಯೇ. ಮಾರನೆಯ ವರ್ಷ ವಿಭೂತಿ ಬುಧವಾರ ಬಂದಾಗ ಹಳೆಯ ಗರಿಗಳನ್ನೆಲ್ಲ ಚರ್ಚಿನಲ್ಲಿ ಸುಟ್ಟು, ಆ ಬೂದಿಯನ್ನೇ ಹಣೆಗೆ ಇಡುತ್ತಾರೆ. ಮಾಡಿದ ತಪ್ಪು ಒಪ್ಪಿಕೊಂಡೆವು ಎಂಬುದಕ್ಕೆ ಅದು ಗುರುತು ಎಂದಿದ್ದರು ಟೀಚರ್. ನನಗೆ ತಪ್ಪು ಒಪ್ಪು ಬೇಕಿರಲಿಲ್ಲ, ಹಣೆಯ ಬೂದಿ ಬೇಕಿತ್ತು. ಅವರ ಹಣೆಯ ಮೇಲೆ ಅದು ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ನನಗೆ ಒಂಬತ್ತು ತುಂಬಿದ ವರ್ಷ ಆ ಬುಧವಾರ ಟೀಚರ್ ರಜೆ ಹಾಕಿ ಮೊದಲ ಬಸ್ಸಿಗೇ ಹೋದರು. ಅವಸರದಲ್ಲಿ ಶಿಲುಬೆಯನ್ನು ಗೋಡೆಯಲ್ಲೇ ಮರೆತಿದ್ದರು. ಕೆಮ್ಮೆಂದು ನಾನು ಶಾಲೆಗೆ ಹೋಗಿರಲಿಲ್ಲ. ಮನೆಯವರೆಲ್ಲ ತೋಟದಲ್ಲಿದ್ದರು. ಮಂಚ ಹತ್ತಿ ಶಿಲುಬೆ ಬಿಡಿಸಿಕೊಂಡೆ, ಅಲ್ಲಿ ನಿಂತೇ ಕಡ್ಡಿ ಗೀರಿದೆ. ವರ್ಷ ಒಣಗಿದ ಗರಿ ಭಗ್ಗೆಂದಿತು. ಬೆರಳು ಚುರ್ರೆಂದಾಗ ಕೈ ಕೊಡವಿದೆ. ಉರಿಯುವ ಗರಿ ಹಗ್ಗದ ಮೇಲೆ ಒಣಹಾಕಿದ್ದ ಸೀರೆಯ ಮೇಲೆ ಬಿತ್ತು. ಸೀರೆಯಿಂದ ಹಗ್ಗ, ಹಗ್ಗದಿಂದ ಅಟ್ಟ. ನಾನು ಓಡಿಹೋಗಿ ಹುಲ್ಲಿನ ಬಣವೆಯ ಹಿಂದೆ ಕೂತೆ. ಎಣ್ಣೆ ತುಂಬಿದ ಕೊಬ್ಬರಿ ಉರಿಯುವ ಸದ್ದು ನೀವು ಕೇಳಿರಲಿಕ್ಕಿಲ್ಲ, ಕೇಳಲೂ ಬೇಡಿ. ಊರೆಲ್ಲ ಸೇರಿ ನೀರು, ಮಣ್ಣು ಎರಚಿ ಮನೆಯ ಅರ್ಧ ಉಳಿಸಿಕೊಂಡರು. ವರ್ಷದ ಫಸಲು ಇದ್ದಿಲಾಯಿತು.

ಮಧ್ಯಾಹ್ನದ ಬಸ್ಸಿಗೆ ಟೀಚರ್ ಇಳಿದರು, ಹಣೆಯಲ್ಲಿ ಬೂದಿ. ಅಂಗಳದಲ್ಲಿ ಹುಬ್ಬು ಸುಟ್ಟುಕೊಂಡು ನಿಂತಿದ್ದ ನನ್ನಪ್ಪ, "ಏನ್ ಹಚ್ಚಿಟ್ಟು ಹೋಗಿದ್ರಿ ಟೀಚರೇ?" ಎಂದರು. ಟೀಚರ್ ಅಟ್ಟ ನೋಡಿದರು, ತೆರೆದ ಬಾಗಿಲಿಂದ ಶಿಲುಬೆಯಿಲ್ಲದ ಬರಿಯ ಮೊಳೆ ನೋಡಿದರು, ಆಮೇಲೆ ಲಂಗದ ಮಡಿಕೆಯಲ್ಲಿ ಬಲಗೈ ಬಚ್ಚಿಟ್ಟು ನಿಂತಿದ್ದ ನನ್ನನ್ನು ನೋಡಿದರು. ತುಂಬ ಹೊತ್ತೇನಲ್ಲ.

"ಮೇಣದ ಬತ್ತಿ ಹಚ್ಚಿದ್ದೆ. ಆರಿಸೋದು ಮರೆತುಹೋಯ್ತು," ಎಂದರು.

ಸುಳ್ಳು ಹೇಳಬಾರದೆಂದು ನಮಗೆ ಪಾಠ ಮಾಡುತ್ತಿದ್ದವರು, ಬೂದಿ ಇಟ್ಟ ಹಣೆಯಲ್ಲೇ ಸುಳ್ಳು ಹೇಳಿದರು. ನನಗೆ ಮೊದಲು ಆದದ್ದು ಸಮಾಧಾನ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ. ಸಂಜೆ ಅಜ್ಜಿ ನನ್ನ ಕೈ ಎಳೆದುಕೊಂಡು ಬೊಬ್ಬೆಯ ಮೇಲೆ ಬೆಣ್ಣೆ ಹಚ್ಚಿದಳು. ಹೇಗೆ ಸುಟ್ಟಿತು ಎಂದು ಕೇಳಲಿಲ್ಲ. ಗದ್ದಲದಲ್ಲಿ ತಾಗಿದ್ದು ಎಂದುಕೊಂಡಿರಬೇಕು ಅಂದುಕೊಂಡೆ.

ಪರಜಾತಿಯವರನ್ನು ಅಟ್ಟದ ಕೆಳಗೆ ಇಟ್ಟುಕೊಂಡದ್ದಕ್ಕೆ ಮಾರಮ್ಮ ಮುನಿದಳು ಎಂದು ಊರು ತೀರ್ಮಾನಿಸಿತು. ಟೀಚರ್ ಊರು ಬಿಡಬೇಕು, ಅಮ್ಮನಿಗೆ ಮರಿ ಕೊಡಬೇಕು. ಮುಂದಿನ ಮಂಗಳವಾರ ಗುಡಿಯ ಮುಂದೆ ಮರಿ ತಂದು ನಿಲ್ಲಿಸಿದರು. ನಮ್ಮಲ್ಲಿ ಮರಿಯ ಮೇಲೆ ನೀರು ಹಾಕುತ್ತಾರೆ, ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದು ಅರ್ಥ, ಅಲ್ಲಿಯವರೆಗೆ ಕಡಿಯುವಂತಿಲ್ಲ. ಒಂದು ಚೆಂಬು ಹಾಕಿದರು, ಕೊಡವಲಿಲ್ಲ. ಇನ್ನೊಂದು ಚೆಂಬಿಗೂ ಅದು ಸುಮ್ಮನೆ ನಿಂತು ಜನರನ್ನು ನೋಡಿತು. "ಏನೋ ತಪ್ಪಾಗೈತೆ ಕಣ್ರಪ್ಪಾ," ಎಂದರು ಪೂಜಾರಿ. ತಪ್ಪು ಯಾರದೆಂದು ಮರಿಗೆ ಗೊತ್ತಾಗಿದೆ ಎಂದು ನನಗೆ ಖಾತ್ರಿಯಾಯಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಸುಟ್ಟ ಕೈಯನ್ನೇ ಹಿಡಿದು ಹಿಚುಕಿದಳು. ನೋವಿಗೆ ಮಾತು ಬಿಟ್ಟು ಕೈ ಬಿಡಿಸಿಕೊಳ್ಳಲು ನೋಡಿದೆ. ಅಷ್ಟರಲ್ಲಿ ಮೂರನೆಯ ಚೆಂಬು ಬಿತ್ತು, ಮರಿ ಮೈ ಕೊಡವಿತು.

ಅದೇ ವಾರದ ಭಾನುವಾರ ಟೀಚರ್ ಟ್ರಂಕು ತೆಗೆದುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಕಳಿಸಲು ಯಾರೂ ಬಂದಿರಲಿಲ್ಲ. ನಾನು ಹುಣಸೆಮರದ ಹತ್ತಿರ ನಿಂತಿದ್ದು ನೋಡಿ ಕರೆದರು. ಬೂದಿ ಇಡುವ ಹಾಗೆ ಹೆಬ್ಬೆಟ್ಟಿನಿಂದ ನನ್ನ ಹಣೆಯ ಮೇಲೆ ಶಿಲುಬೆ ಎಳೆದರು. "ಹೆದರ್ಬೇಡ ಪುಟ್ಟಿ. ನಿನ್ ತಪ್ಪು ಮುಗೀತು. ಆದ್ರೆ ನಂದು ಅಂತ ಒಂದಿನ ಬಾಯಿಬಿಟ್ಟು ಹೇಳು, ಇಲ್ದಿದ್ರೆ ನಾನು ಕೊಟ್ಟಿದ್ದು ನಿಂಗೆ ಸೇರಲ್ಲ."

ಹೇಳಲು ನನಗೆ ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಅಪ್ಪ ತೀರಿಹೋಗಿದ್ದರು, ಅಜ್ಜಿ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಾ ಹೇಳಿದೆ, ಬೆಂಕಿ ಹಚ್ಚಿದ್ದು ನಾನು ಎಂದು. ಅಜ್ಜಿ ಸೂರು ನೋಡುತ್ತಾ ಮಲಗಿದ್ದಳು.

"ಗೊತ್ತಿತ್ತು ಬುಡು. ಬೆಣ್ಣೆ ಹಚ್ಚಿದ್ದು ಯಾರು?"

"ಗೊತ್ತಿದ್ದೂ ಟೀಚರ್‌ನ ಕಳಿಸಿದ್ಯಾ ಅಜ್ಜಿ?"

"ಮನೆ ಕೂಸನ್ನ ಊರ ಬಾಯಿಗೆ ಕೊಡಕಾಯ್ತದೇನೇ? ಅವ್ಳು ಆಯ್ತು ನಂದೇ ಅಂದ್ಲು. ಅವ್ಳನ್ನೇ ಕೊಟ್ಟೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಸಿಟ್ಟು ಮಾಡಲು ನನಗೆ ಯಾವ ಹಕ್ಕಿತ್ತು? ಎರಡು ಬಲಿಗಳ ಮೇಲೆ ಬದುಕಿ ಕಾಲೇಜಿನವರೆಗೆ ಬಂದವಳು ನಾನು. ಆಮೇಲೆ ಟೀಚರ್ ವರ್ಗವಾಗಿ ಹೋಗಿದ್ದ ಶಾಲೆಗೆ ಕಾಗದ ಬರೆದೆ, ಅದು ವಾಪಸು ಬಂತು. ಅವರು ಹೇಳಿದ ಹಾಗೆ ನನ್ನದೆಂದು ಬಾಯಿಬಿಟ್ಟು ಹೇಳಿದ್ದೇನೆ, ಅಜ್ಜಿಗೆ ಹೇಳಿದೆ, ಈಗ ನಿಮಗೆ ಹೇಳುತ್ತಿದ್ದೇನೆ. ಕೊಟ್ಟದ್ದು ನನಗೆ ಸೇರಿತೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಆ ಮಧ್ಯಾಹ್ನ ಅಜ್ಜಿ ನಿದ್ದೆ ಹೋದಳೆಂದುಕೊಂಡು ನಾನು ತಟ್ಟೆ ಎತ್ತಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದಳು.

"ಲೇ ಕೂಸೇ, ಆ ಲೂರ್ದಮ್ಮಂಗೆ ಅಪ್ಪ ಅವ್ವ ಇದ್ರೇನೇ?"

ಮೂರು ವರ್ಷ ಅವರು ನಮ್ಮ ಮನೆಯಲ್ಲಿದ್ದರು. ನಮ್ಮಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.