ಕರೆದರೆ ಓ ಅನ್ನುವ ಟ್ಯಾಬ್

ಅವರನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವರ ಕೆಲಸ. ಆ ಕಾರುಗಳಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಆದರೆ ಮೇಷ್ಟ್ರು ಅದನ್ನು ತುಳಿದದ್ದು ಅಪರೂಪ. ಅವರು ಕಾರು ನಿಲ್ಲಿಸುತ್ತಿದ್ದದ್ದು ಬಾಯಿಂದ. "ಅಮ್ಮಾ, ಸ್ಟೀರಿಂಗ್ ಯಾಕೆ ಹಂಗೆ ಹಿಂಡ್ತೀರಾ, ಅದೇನು ಒದ್ದೆ ಬಟ್ಟೆನಾ?" ಅನ್ನುವರು. ಕಲಿಯುವವರು ನಗುವರು, ಕೈ ಸಡಿಲವಾಗುವುದು, ಕಾರು ದಾರಿಗೆ ಬರುವುದು. ಬೈದರೂ ನೋಯದ ಹಾಗೆ ಬೈಯುವ ಹದ ಅವರಿಗೆ ಗೊತ್ತಿತ್ತು.

ಆ ಬಾಯಿಗೇ ಕುತ್ತು ಬಂತು. ಮೊದಲು ದನಿ ಒಡೆಯಿತು, ಆಮೇಲೆ ನುಂಗುವಾಗ ನೋವು, ಆಮೇಲೆ ಆಸ್ಪತ್ರೆ. ಗಂಟಲಲ್ಲಿ ಗಡ್ಡೆ. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಮನೆಗೆ ಬಂದ ಮೇಲೆ ಮೇಷ್ಟ್ರು ಬಾಯಿ ತೆರೆದರು, ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತರು.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಒಬ್ಬರಿದ್ದರು. ಅವರ ಹತ್ತಿರ ಒಂದು ಹಳೇ ಟ್ಯಾಬ್ ಇತ್ತು, ಮೂಲೆ ಜಜ್ಜಿಹೋಗಿತ್ತು. ಅದರ ತುಂಬ ದೊಡ್ಡ ದೊಡ್ಡ ಚೌಕಗಳು; ಒಂದೊಂದರಲ್ಲಿ ಒಂದೊಂದು ಮಾತು. ಚೌಕ ಒತ್ತಿದರೆ ಟ್ಯಾಬ್ ಮಾತಾಡುತ್ತದೆ. ಬೇಕಾದ್ದನ್ನು ಟೈಪ್ ಮಾಡಿದರೂ ಓದಿ ಹೇಳುತ್ತದೆ. ಮೇಷ್ಟ್ರು ಸ್ವಲ್ಪ ಹೊತ್ತು ಕುಟ್ಟಿದರು. "ಡಾಕ್ಟ್ರೇ, ನಿಮ್ಮ ಕಾಫಿಗಿಂತ ನಿಮ್ಮ ಔಷಧಿ ರುಚಿ" ಎಂದಿತು ಟ್ಯಾಬ್. ಡಾಕ್ಟರಮ್ಮ ಪಕಪಕ ನಕ್ಕರು. ಆಪರೇಷನ್ ಆದ ಮೇಲೆ ಮೇಷ್ಟ್ರು ಒಬ್ಬರನ್ನು ನಗಿಸಿದ್ದು ಅದೇ ಮೊದಲು. ಇಂಥದ್ದೊಂದು ಕೈಯಲ್ಲಿದ್ದರೆ ಮತ್ತೆ ಕಾರು ಹತ್ತಬಹುದು ಅನ್ನಿಸಿತು.

ಟ್ಯಾಬ್ ಆರಿಸುವ ಹೊಣೆ ಅಳಿಯ ಹೊತ್ತುಕೊಂಡ. ಒಳ್ಳೆಯವನೇ, ಮಾವನೆಂದರೆ ಪ್ರೀತಿ. ಆದರೆ ಯಾವ ಯಂತ್ರ ಕೊಂಡರೂ ಅದರ ಅಂಕಿಅಂಶ ಬಾಯಿಪಾಠ ಮಾಡುವ ಚಟ. ರಾತ್ರಿ ಊಟದ ಮೇಜಿನ ಮೇಲೆ ಫೋನು ಇಟ್ಟುಕೊಂಡು ಶುರುಮಾಡಿದ.

"ಮಾವ, ಇದರಲ್ಲಿ ಎಂಟು ಕೋರ್. ಹನ್ನೆರಡು ಜಿಬಿ ರ‍್ಯಾಮ್. ಸ್ಕ್ರೀನ್ ಅಂದ್ರೆ ಕನ್ನಡಿ ಇದ್ದ ಹಾಗೆ."

ಮೇಷ್ಟ್ರು ಕೈ ಎತ್ತಿ ಏನೋ ಸನ್ನೆ ಮಾಡಿದರು.

"ದುಡ್ಡಿನ ಯೋಚನೆ ಬಿಡಿ, ನಾನಿದೀನಿ," ಎಂದ ಅಳಿಯ.

ಅವರು ಹೇಳಹೊರಟದ್ದು ದುಡ್ಡಿನ ಮಾತಲ್ಲ. ಡಾಕ್ಟರಮ್ಮನ ಹತ್ತಿರ ಇದ್ದಂಥದ್ದೇ ಸಾಕು ಅಂತ. ಪೆನ್ನು ಹುಡುಕುವಷ್ಟರಲ್ಲಿ ಆರ್ಡರ್ ಆಗಿಹೋಗಿತ್ತು. ತನ್ನ ಮಾತಿನ ಬಗ್ಗೆ ನಡೆದ ಮಾತಿನಲ್ಲಿ ತನ್ನದೊಂದು ಮಾತಿಲ್ಲವಲ್ಲ ಎಂದು ಅವರಿಗೆ ಆ ರಾತ್ರಿಯೆಲ್ಲ ಉರಿಯಿತು.

ಟ್ಯಾಬ್ ಬಂತು. ತಟ್ಟೆಯಷ್ಟು ಅಗಲ, ಫಳಫಳ ಹೊಳಪು. ಒಂದು ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ತೆರೆಯಲು ಮುಖ ತೋರಿಸಬೇಕು. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿದರೆ ಅದಕ್ಕೆ ಒಡೆಯನ ಗುರುತೇ ಹತ್ತದು. ತೆರೆದರೆ ಏನಾದರೊಂದು ಕಿಟಕಿ ಬಂದು ಅಡ್ಡ ನಿಲ್ಲುವುದು: ಹೊಸ ಆವೃತ್ತಿ ಬೇಕೇ, ಫೋಟೋ ಜೋಪಾನ ಮಾಡಲೇ, ನಮಗೆ ಎಷ್ಟು ನಕ್ಷತ್ರ ಕೊಡುವಿರಿ. ಮಾತಾಡುವ ಆಪನ್ನು ಬ್ಯಾಟರಿ ಉಳಿಸುವ ನೆಪದಲ್ಲಿ ತಾನೇ ಮಲಗಿಸಿಬಿಡುವುದು. ಮತ್ತೆ ಒತ್ತಿದರೆ ಆಕಳಿಸಿ, ಮೈಮುರಿದು, ಆಮೇಲೆ ಮಾತು.

ಮನೆಯಲ್ಲಿ ಹೇಗೋ ನಡೆಯಿತು. ಹೆಂಡತಿ "ರೀ, ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿ ಹೋದ ಮೇಲೆ, ಖಾಲಿ ಕೋಣೆಗೆ ಟ್ಯಾಬ್ "ಸಾಕು" ಎನ್ನುತ್ತಿತ್ತು. ಆಕೆ ಬಾಗಿಲಿಂದ ಇಣುಕಿ, "ಏನಂದ್ರಿ?" ಎನ್ನುವರು. ಮತ್ತೆ ಒತ್ತಬೇಕು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಒತ್ತುವರು.

ಸ್ಕೂಲಿನ ಮಾಲೀಕರು ಒಂದು ತಿಂಗಳು ನೋಡೋಣ ಎಂದು ಒಪ್ಪಿಕೊಂಡರು. ಕಲಿಯಲು ಮೊದಲು ಬಂದವರು ಒಬ್ಬ ನರ್ಸಮ್ಮ. ನಡುವಯಸ್ಸು, ಹೇಳಿದ ಮಾತು ಮೀರದ ಹೆಂಗಸು. ಆ ವಿಧೇಯತೆಯೇ ಮುಳುವಾಯಿತು.

ನಾಲ್ಕು ರಸ್ತೆ ಕೂಡುವ ಕಡೆ ಬಸ್ಸೊಂದು ಅಡ್ಡ ಬರುತ್ತಿತ್ತು. ಮೇಷ್ಟ್ರು 'ನಿಲ್ಲಿಸಿ' ಚೌಕ ಒತ್ತಿದರು. ಬಿಸಿಲಿಗೆ ಸ್ಕ್ರೀನಿನಲ್ಲಿ ಕಂಡದ್ದು ಅವರ ಮುಖವೇ ಹೊರತು ಚೌಕವಲ್ಲ. ಮತ್ತೆ ಒತ್ತಿದರು. ಟ್ಯಾಬ್ ಉಸಿರೆತ್ತಲಿಲ್ಲ. ಕೊನೆಗೆ ಬ್ರೇಕ್ ತುಳಿದರು, ಬಸ್ಸು ದಾಟಿತು. ಕೈ ಬೀಸಿ 'ಹೊರಡಿ' ಅಂತ ತೋರಿಸಿದರು, ನರ್ಸಮ್ಮ ಹೊರಟರು. ಕಾರು ರಸ್ತೆಯ ನಟ್ಟನಡುವೆ ಬಂದಾಗ ಟ್ಯಾಬ್ ಎಚ್ಚರಗೊಂಡು ಗಟ್ಟಿಯಾಗಿ ಹೇಳಿತು: "ನಿಲ್ಲಿಸಿ."

ನರ್ಸಮ್ಮ ನಿಲ್ಲಿಸಿದರು.

ಟ್ಯಾಬ್ ಒತ್ತಿದ್ದಷ್ಟೂ ಲೆಕ್ಕ ಇಟ್ಟಿತ್ತೋ ಏನೋ, ಮತ್ತೂ ಒಮ್ಮೆ "ನಿಲ್ಲಿಸಿ" ಎಂದಿತು. "ನಿಂತೇ ಇದೀನಲ್ಲ ಸಾರ್!" ಎಂದು ಆಕೆ ಅಳುವ ಹಾಗಾದರು. ನಾಲ್ಕೂ ಕಡೆಯಿಂದ ಹಾರನ್ನು. ಹಿಂದಿನ ಲಾರಿಯವನು ಇಳಿದು ಬಂದು ಕಿಟಕಿಗೆ ಮುಖ ತಂದು, "ಕಲಿಸೋನಿಗೇ ಬರಲ್ಲ, ಕಲಿಯೋರ ಗತಿ ಏನಯ್ಯಾ? ಬಾಯಲ್ಲಿ ಏನಿಟ್ಕೊಂಡಿದೀಯಾ?" ಎಂದ. ಒಂದು ಕಾಲದಲ್ಲಿ ಇಂಥವನನ್ನು ಮೇಷ್ಟ್ರು ಎರಡೇ ಮಾತಿನಲ್ಲಿ ಲಾರಿ ಹತ್ತಿಸಿ ಕಳಿಸುತ್ತಿದ್ದರು. ಈಗ ಕುತ್ತಿಗೆಯ ಬಟ್ಟೆ ಬುಸುಬುಸು ಎಂದಿತು, ಅಷ್ಟೆ. ಬಟ್ಟೆ ನೋಡಿ ಅವನು "ಅಯ್ಯೋ ಪಾಪ" ಎಂದು ಹೊರಟುಹೋದ. ಬೈಗುಳಕ್ಕಿಂತ ಆ ಕನಿಕರ ಅವರನ್ನು ಹೆಚ್ಚು ಸುಟ್ಟಿತು.

ಸಂಜೆ ಅಳಿಯ ಬಂದ. ಟ್ಯಾಬ್ ತಿರುಗಿಸಿ ಮುರುಗಿಸಿ ನೋಡಿದ. "ಸೆಟ್ಟಿಂಗ್ ಸರಿ ಮಾಡಿದ್ರೆ ಆಯ್ತು ಮಾವ. ಮೆಷೀನಲ್ಲಿ ತಪ್ಪಿಲ್ಲ. ಸ್ಪೀಡ್ ಟೆಸ್ಟಲ್ಲಿ ಇದರ ಅಂಕ ನೋಡಿ, ಇದನ್ನ ಮೀರಿಸೋದು ಬೇರೆ ಯಾವುದೂ ಇಲ್ಲ."

ಮೇಷ್ಟ್ರು ಟೈಪ್ ಮಾಡತೊಡಗಿದರು. ಅವರು ಕುಟ್ಟಿದ್ದೊಂದು, ಅದು ತಿದ್ದಿದ್ದೊಂದು. 'ಕಾರು' ಎಂದರೆ 'ಖಾರ' ಎಂದಿತು. ಮೂರನೇ ಸಲವೂ ಹಾಗೇ ಆದಾಗ ಟ್ಯಾಬನ್ನು ಸೋಫಾದ ಮೇಲೆ ಎಸೆದು, ಗೋಡೆಯ ಕ್ಯಾಲೆಂಡರಿನಿಂದ ಹಳೇ ಹಾಳೆ ಹರಿದು, ಹಿಂದುಗಡೆ ದಪ್ಪಕ್ಷರದಲ್ಲಿ ಬರೆದರು: 'ನನಗೆ ಓಟದ ಕುದುರೆ ಬೇಡ. ಕರೆದರೆ ಓ ಅನ್ನೋದು ಬೇಕು.'

ಅಳಿಯನ ಮುಖ ಸಣ್ಣದಾಯಿತು. "ನಾನು ಒಳ್ಳೇದಕ್ಕೇ..." ಎಂದು ತೊದಲಿದ.

"ಒಳ್ಳೇದಕ್ಕೇ ಕಣಪ್ಪ, ಯಾರು ಇಲ್ಲ ಅಂದ್ರು?" ಎಂದರು ಅತ್ತೆ. "ಚಪ್ಪಲಿ ಎಷ್ಟೇ ಚೆನ್ನಾಗಿರ್ಲಿ, ಕಾಲಿಟ್ಟು ನೋಡದೆ ತರ್ತಾರಾ? ನಾಳೆ ನಾನೂ ಇವರೂ ಅಂಗಡಿಗೆ ಹೋಗ್ತೀವಿ."

ಅಂಕಿಅಂಶ ಒಪ್ಪಿಸುವುದರಲ್ಲಿ ಅಂಗಡಿಯವನು ಅಳಿಯನಿಗೂ ಅಪ್ಪ. ರ‍್ಯಾಮ್ ಎಂದ, ಕೋರ್ ಎಂದ, ಕ್ಯಾಮೆರಾ ಎಂದ. ಹೆಂಡತಿ, "ನೀನು ಸ್ವಲ್ಪ ಸುಮ್ನಿರಪ್ಪ, ಅವರು ಮಾತಾಡಿ ನೋಡ್ಲಿ," ಎಂದರು. ಮೇಷ್ಟ್ರು ಒಂದೊಂದೇ ಟ್ಯಾಬಿನಲ್ಲಿ ಆ ಆಪ್ ಹಾಕಿಸಿದರು. ಎಡಗೈಯಲ್ಲಿ ಹಿಡಿದು ರಸ್ತೆಯ ಕಡೆ ನೋಡುತ್ತಾ ಹೆಬ್ಬೆರಳಿನಿಂದ ಒತ್ತಿದರು. ಬಾಗಿಲಾಚೆ ಬಿಸಿಲಿಗೆ ಹೋಗಿ ನಿಂತು ನೋಡಿದರು. ಕಳ್ಳತನವಾದೀತೆಂದು ಅಂಗಡಿಯವನು ಪ್ರತಿ ಸಲವೂ ಹಿಂದೆಯೇ ಓಡಿಬಂದ. ಇಂಟರ್ನೆಟ್ ತೆಗೆಸಿ ಒತ್ತಿದಾಗ ಕೆಲವಕ್ಕೆ ಬಾಯಿಯೇ ಕಟ್ಟಿತು. ಅಂಗಡಿಯವನು ಗೊಣಗಿದ: "ಇಷ್ಟೊಂದು ಪರೀಕ್ಷೆ ಹೆಣ್ಣು ನೋಡೋಕೆ ಹೋದಾಗ್ಲೂ ಮಾಡಲ್ಲ."

ಕೊನೆಗೆ ಕೆಳಗಿನ ಕಪಾಟಿನಲ್ಲಿದ್ದ ಒಂದನ್ನು ಮೇಷ್ಟ್ರು ಬೆರಳಿಟ್ಟು ತೋರಿಸಿದರು. ಅಂಗೈ ಅಗಲದ್ದು, ಹೊಳಪಿಲ್ಲದ ಸ್ಕ್ರೀನು.

"ಅಯ್ಯೋ, ಅದು ಹಳೇದು. ಎರಡು ವರ್ಷ ಆದ್ಮೇಲೆ ಕಂಪನಿಯೋರು ಕಣ್ಣೆತ್ತಿ ನೋಡಲ್ಲ. ಬೇಡ ಸಾರ್."

ಮೇಷ್ಟ್ರು ಒತ್ತಿದರು. ಬೆರಳು ಎತ್ತುವ ಮೊದಲೇ ಮಾತು ಬಂತು: "ಬೇಕು."

ಅದನ್ನೇ ಕೊಂಡರು. ಅಳಿಯ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ಬಂದು, ಬೇಡದ ಆಪುಗಳನ್ನೆಲ್ಲ ಕಿತ್ತುಹಾಕಿ, ಅದನ್ನು ಡ್ಯಾಶ್‌ಬೋರ್ಡಿಗೆ ಸಿಕ್ಕಿಸುವ ಕೊಂಡಿ ಹಾಕಿಕೊಟ್ಟ. ಆ ಟ್ಯಾಬಿನಲ್ಲಿ ವಿಡಿಯೋ ಹಾಕಿದರೆ ಕುಂಟುತ್ತದೆ, ಫೋಟೋ ಮಸುಕು. ಹೆಂಡತಿಗೆ ಅದರ ಮೇಲೆ ಸಿಟ್ಟಿದೆ. ವಾಹನ ದಟ್ಟಣೆಯ ರಸ್ತೆಗೆ ಹೋಗುವಾಗ ಮಾತ್ರ ಮಾಲೀಕರು ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಕಲಿಸುವವರನ್ನು ಕೂರಿಸುತ್ತಾರೆ. ಅದು ಮೇಷ್ಟ್ರಿಗೆ ಇವತ್ತಿಗೂ ನುಂಗಲಾರದ ತುತ್ತು. ನರ್ಸಮ್ಮನಿಗೆ ಎರಡನೇ ಪ್ರಯತ್ನದಲ್ಲಿ ಲೈಸೆನ್ಸ್ ಸಿಕ್ಕಿತು.

ಚೌಕಗಳಲ್ಲಿ ಮೇಷ್ಟ್ರು ಮೊದಲು ತುಂಬಿಸಿದ್ದು ತಮ್ಮ ಬೈಗುಳಗಳನ್ನು. ಮೊನ್ನೆ ಹೊಸಬನೊಬ್ಬನಿಗೆ "ಕನ್ನಡಿ ನೋಡಿ" ಎಂದರು. ಅವನು ನೋಡಿ ಕ್ರಾಪು ಸರಿಮಾಡಿಕೊಂಡ. ತಕ್ಷಣ ಟ್ಯಾಬ್ ಹೇಳಿತು: "ನಿಮ್ಮ ಅಂದ ಅಲ್ಲ ರಾಜಕುಮಾರ, ಹಿಂದಿನ ಬಸ್ಸು." ಅವನು ಹಲ್ಲು ಕಿರಿದು ಬಸ್ಸು ನೋಡಿದ. ಒಂದು ಸುತ್ತು ಮುಗಿಸಿ ಚೆನ್ನಾಗಿ ನಿಲ್ಲಿಸಿದಾಗ "ಶಭಾಷ್" ಎಂದೂ ಹೇಳಿತು. ಆದರೆ ಆ ಯಂತ್ರದ ದನಿಗೆ ಏರಿಳಿತವಿಲ್ಲ. ಎಲ್ಲಕ್ಕೂ ಒಂದೇ ರಾಗ. ಹುಡುಗ ಅನುಮಾನದಿಂದ ತಿರುಗಿದ.

"ಸಾರ್, ಇದು ಹೊಗಳಿದ್ದಾ, ಬೈದಿದ್ದಾ?"

ಅದಕ್ಕೆ ಯಾವ ಚೌಕವೂ ಇರಲಿಲ್ಲ. ಮೇಷ್ಟ್ರು ಹಣೆ ಚಚ್ಚಿಕೊಂಡು, ಅವನ ಬೆನ್ನಿಗೊಂದು ಗುದ್ದು ಹಾಕಿದರು.