ಗಿರಿಜಾ ಮೇಡಂ ಓದಿಸಿದ ಪರದೆ

ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದಾಗ ಏಳುವ ಧೂಳಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ನನಗಂತೂ ಅದು ಹೊಟ್ಟೆಪಾಡಿನ ವಾಸನೆ. ಮೊನ್ನೆ ಪಕ್ಕದ ಮನೆಯವರು ಅಟ್ಟದಿಂದ ಇಳಿಸಿಕೊಟ್ಟ ಯಂತ್ರವನ್ನು ಬಿಚ್ಚಿದಾಗ ಅದು ಮೂಗಿಗೆ ಬಡಿಯಿತು. ಸ್ಕ್ರೂಡ್ರೈವರ್ ಹಿಡಿದು ಕೂತವನು ಮನಸ್ಸಿನಲ್ಲಿ ಆರ್‌ಪಿಸಿ ಲೇಔಟಿನ ಒಂದು ಮಹಡಿ ಮನೆಗೆ ಹೋಗಿಬಿಟ್ಟೆ.

ಎರಡು ಸಾವಿರದ ಆರೋ ಏಳೋ ಇಸವಿ. ವಿಜಯನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಆರ್‌ಪಿಸಿ ಲೇಔಟಿನ ಆ ಮಹಡಿಯಲ್ಲಿ ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಪುಟ್ಟ ಕೇಂದ್ರವಿತ್ತು. ನಡೆಸುತ್ತಿದ್ದವರು ಹಾವೇರಿ ಕಡೆಯ ಗಿರಿಜಾ ಮೇಡಂ. ಅವರಿಗೂ ಹುಟ್ಟಿನಿಂದ ಕಣ್ಣು ಕಾಣದು. ಆ ಧ್ವನಿಮುದ್ರಣಗಳನ್ನೆಲ್ಲ ಇಡುವ ಸರ್ವರ್ ಯಂತ್ರವನ್ನು ಜೋಡಿಸಿಕೊಟ್ಟವನು ನಾನೇ. ಎರಡು ಡಿಸ್ಕು, ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಮೂಡುತ್ತದೆ. ಈ ಜೋಡಿಗೆ ರೇಡ್ ಎನ್ನುತ್ತಾರೆ. "ಒಂದು ಹೋದ್ರೆ ಇನ್ನೊಂದಿದೆ ಮೇಡಂ, ಆರಾಮಾಗಿರಿ" ಎಂದು ಜಂಬ ಕೊಚ್ಚಿದ್ದೆ. ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ.

ಟ್ರಾನ್ಸ್‌ಫಾರ್ಮರ್ ಕೆಟ್ಟು ಎರಡು ದಿನ ಕರೆಂಟಿಲ್ಲದೆ, ಮೂರನೆಯ ಬೆಳಿಗ್ಗೆ ಬಂದ ಮೇಲೆ ಅವರ ಫೋನು. "ಸರ್ವರ್ ಎದ್ದೇಳವಲ್ದು. ಲಗೂನ ಬರ್ರಿ."

ಪದವಿ ಪರೀಕ್ಷೆಗೆ ಎಂಟು ದಿನವಿತ್ತು. ಇತಿಹಾಸದ ಪುಸ್ತಕವನ್ನು ಪೂರ್ತಿ ಓದಿದ್ದವರು ಬಸವೇಶ್ವರನಗರದ ಸರೋಜಮ್ಮ ಎಂಬ ನಿವೃತ್ತ ಶಿಕ್ಷಕಿ. ಅವರು ತೀರಿಕೊಂಡು ಆಗಷ್ಟೇ ತಿಂಗಳಾಗಿತ್ತು. ಅವರ ದನಿ ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

ಹೋಗಿ ಆನ್ ಮಾಡಿದೆ. ಕಪ್ಪು ಪರದೆ, ಬಿಳಿ ಅಕ್ಷರ.

"ಏನ್ ಬಂದೈತ್ರಿ?"

"ಏನೋ ಎರರ್ ಮೇಡಂ."

"ಏನೋ ಅಂತ ಬರದೈತೇನು? ಓದ್ರಿ."

ಓದಿದೆ. ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇಲ್ಲವಂತೆ. ಅವರು ಪೆಟ್ಟಿಗೆಯ ಮೇಲೆ ಅಂಗೈ ಊರಿದರು. "ಎರಡೂ ತಿರುಗಾಕ ಹತ್ಯಾವು. ಸತ್ತಿಲ್ಲ ಅವು."

ನಾನು ಇಂಜಿನಿಯರು, ಅಂಗೈಯ ಮಾತು ಕೇಳುತ್ತೇನೆಯೆ? ಸಿಸ್ಟಮ್ ಹೊಸದಾಗಿ ಹಾಕಿದರಾಯಿತೆಂದು ಸೀಡಿ ತುರುಕಿದೆ. ನೂರಾರು ಸಲ ಒತ್ತಿದ ಗುಂಡಿಗಳು, ಬೆರಳೇ ಓಡುತ್ತಿತ್ತು. ಒಂದು ಕಡೆ ಪರದೆ ನಿಂತು ಏನೋ ಕೇಳಿತು. ಬೆರಳು ಆಗಲೇ ಗುಂಡಿಯ ಮೇಲಿತ್ತು.

"ಈಗೇನ್ ಕೇಳಾಕತ್ತೈತಿ?"

ಓದುತ್ತ ಓದುತ್ತ ನನ್ನ ದನಿ ಇಳಿಯಿತು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳುತ್ತಿತ್ತು. ಗಿರಿಜಾ ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಕೈ ತಗೀರಿ. ಬಂದ್ ಮಾಡಿ ಮೊದಲಿಂದ ಹಚ್ಚರಿ. ಕಂಡದ್ದೆಲ್ಲಾ ಓದ್ರಿ, ಒಂದು ಅಕ್ಷರ ಬಿಡಬ್ಯಾಡ್ರಿ."

ಯಂತ್ರದ ಮೂಲ ಸೆಟಪ್ಪಿನ ಪುಟ ತೆರೆದು ಒಂದನೇ ಕ್ಲಾಸಿನ ಮಗುವಿನಂತೆ ಓದತೊಡಗಿದೆ. ಮೊದಲ ಸಾಲು ಗಂಟೆ. ಎರಡನೆಯದು ತಾರೀಖು: ಜನವರಿ ಒಂದು.

"ಈಗ ಏಪ್ರಿಲ್ ಅಲ್ಲೇನ್ರಿ?"

ನನ್ನ ತಲೆಯಲ್ಲಿ ಆಗ ದೀಪ ಹತ್ತಿತು. ಕರೆಂಟಿಲ್ಲದಾಗಲೂ ಯಂತ್ರಕ್ಕೆ ತನ್ನ ನೆನಪು ಉಳಿಸಿಕೊಳ್ಳಲು ಒಳಗೊಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ಅದು ಸತ್ತಿತ್ತು. ತಾರೀಖಿನ ಜೊತೆಗೆ, ಈ ಎರಡು ಡಿಸ್ಕೂ ಜೋಡಿ ಎಂಬುದನ್ನೂ ಯಂತ್ರ ಮರೆತಿತ್ತು. ಕೆಳಗಿನ ಗಡಿಯಾರದ ಅಂಗಡಿಯಿಂದ ಹೊಸ ಬಿಲ್ಲೆ ತಂದು ಹಾಕಿ, ಸೆಟಪ್ಪಿನ ಪುಟದಲ್ಲಿ ರೇಡ್ ಎಂಬಲ್ಲಿಗೆ ಮತ್ತೆ ಗುರುತು ಸರಿಸಿದೆ. ಸರ್ವರ್ ಎದ್ದಿತು.

"ಸರೋಜಮ್ಮಾರ್ನ ಹಚ್ಚರಿ" ಎಂದರು. "ಅಧ್ಯಾಯ ಒಂದು" ಎಂದು ತುಸು ಒಡಕು ದನಿಯೊಂದು ಕೋಣೆ ತುಂಬಿತು. ಗಿರಿಜಾ ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಬಿದ್ದ ಸ್ಕ್ರೂ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಅವತ್ತು ಸಂಜೆಯವರೆಗೆ ಕೂತು ಎಲ್ಲವನ್ನೂ ಡಿವಿಡಿಗಳಿಗೆ ಇಳಿಸಿ, ಬೀಗದ ಕಪಾಟಿನಲ್ಲಿ ಇಟ್ಟೇ ಎದ್ದದ್ದು. ಗಾಡಿ ಹತ್ತುವಾಗ ಮೇಲಿನಿಂದ ಕೂಗಿದರು: "ನಿಮ್ಮ ದನಿ ಚಲೋ ಐತ್ರಿ. ಐತವಾರ ಓದಾಕ ಬರ್ರಿ."

ಪ್ರಾಯಶ್ಚಿತ್ತವೆಂದು ಆ ಭಾನುವಾರ ಹೋದವನು ಇವತ್ತಿಗೂ ಹೋಗುತ್ತಿದ್ದೇನೆ. ಅಂಗಡಿ ಮುಚ್ಚಿ ವರ್ಷಗಳಾದವು. ಈ ಭಾನುವಾರ ಅರ್ಥಶಾಸ್ತ್ರದ ಒಂದು ಅಧ್ಯಾಯ ಓದಿ ಮುಗಿಸಿ, ಚೆನ್ನಾಗಿಯೇ ಓದಿದೆನೆಂದು ನೀರು ಕುಡಿಯುತ್ತಿದ್ದೆ. ಗಿರಿಜಾ ಮೇಡಂ ಹೆಡ್‌ಫೋನ್ ತೆಗೆದರು.

"ನಡುವ ಒಂದು ಸಾಲು ನುಂಗಿದ್ರಿ. ಅರ್ಥ ಕೂಡವಲ್ದು."

"ಇಲ್ಲ ಮೇಡಂ, ಪೂರ್ತಿ ಓದಿದೀನಿ."

ಅವರು ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು. ನಾನು ಕನ್ನಡಕ ಹಾಕಿಕೊಂಡು ಪುಟ ಹಿಂದೆ ತಿರುವಿದೆ. ಸಾಲು ಅಲ್ಲೇ ಇತ್ತು.